ಮಾವನ ಸ್ಪೆಕ್ಟ್ರಂ: ಪ್ಲಗ್ ಹಾಕುವ ಮೊದಲು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು, ಊರು ಕುಂದಾಪುರದ ಕಡೆ. ಮನೆಗೆ ಬಣ್ಣ ಹೊಡೆಸಲೆಂದು ಮಾಳಾ (ಅಟ್ಟ) ಖಾಲಿ ಮಾಡುವಾಗ ನನ್ನ ಸೋದರಮಾವನ ಹಳೇ ಕಂಪ್ಯೂಟರ್ ಸಿಕ್ಕಿತು. ದಪ್ಪ ಕಪ್ಪು ಕೀಬೋರ್ಡಿನ ಹಾಗಿದೆ. ಮೇಲೆ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಂ ಪ್ಲಸ್ ಎಂದು ಬರೆದಿದೆ. 1986ರಲ್ಲಿ ಬಹರೇನಿನಿಂದ ರಜೆಗೆ ಬಂದಾಗ ಮಾವ ತಂದದ್ದು, ಅವರು ಈಗಿಲ್ಲ. ಅಡಾಪ್ಟರ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಪಿನ್ನು ಸರಿಯಾಗಿ ಕೂರುತ್ತದೆ, ಹಾಕಿ ನೋಡೋಣವೇ ಎಂದು ನಮ್ಮ ಯಜಮಾನರು ಕೇಳುತ್ತಿದ್ದಾರೆ. ಜೊತೆಗೆ ಸಿಕ್ಕ ಒಂದು ಯಕ್ಷಗಾನದ ಕ್ಯಾಸೆಟ್ಟಿನಲ್ಲಿ ಪದ್ಯ ಮುಗಿಯುತ್ತಲೇ ಅರ್ಧ ನಿಮಿಷ ಕರ್ಕಶವಾದ ಕೀರಲು ಸದ್ದು ಬರುತ್ತದೆ. ಅದು ಹಾಳಾಗಿದೆಯೇ? ಎಂಟನೇ ತರಗತಿಯ ಮಗಳಿಗೆ ಈ ಕಂಪ್ಯೂಟರಿನಲ್ಲಿ ಪ್ರೋಗ್ರಾಮಿಂಗ್ ಕಲಿಸಬಹುದೇ? ಇಂಥವನ್ನು ಇನ್ನೂ ನಾಲ್ಕೈದು ಕೂಡಿಸುವ ಆಸೆ ಇದೆ. ಮುಂಬಯಿಯಲ್ಲಿ ಎಲ್ಲಿ ಹುಡುಕಬೇಕು?

ಉತ್ತರ: ಬೇಡ. ಉಳಿದ ಮಾತು ಆಮೇಲೆ, ಮೊದಲು ಆ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರನ್ನು ತೆಗೆದು ಬೇರೆ ಕೋಣೆಯಲ್ಲಿಡಿ.

ಪಿನ್ನು ಕೂರುತ್ತದೆ ಎನ್ನುವುದೇ ಇಲ್ಲಿನ ಅಪಾಯ. ಈಗಿನ ಅಡಾಪ್ಟರುಗಳಲ್ಲಿ ಹೆಚ್ಚಿನವಕ್ಕೆ ಪಿನ್ನಿನ ಒಳಭಾಗ ಪ್ಲಸ್, ಹೊರ ಬಳೆ ಮೈನಸ್. ಸ್ಪೆಕ್ಟ್ರಂಗೆ ಇದು ತಿರುವುಮುರುವು: ಒಳಗೆ ಮೈನಸ್, ಹೊರಗೆ ಪ್ಲಸ್. ಅದಕ್ಕೆ ಬೇಕಾದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್, ನಿಮ್ಮ ಸೆಟ್‌ಟಾಪ್ ಬಾಕ್ಸಿನದ್ದು ಬಹುಶಃ 12 ವೋಲ್ಟಿನದು. ಉಲ್ಟಾ ಕರೆಂಟ್ ಹೋದರೆ ಹೊಗೆಯೂ ಬರುವುದಿಲ್ಲ, ಸದ್ದೂ ಆಗುವುದಿಲ್ಲ, ಒಳಗೆ ನಾಲ್ಕಾರು ಐಸಿ (ಚಿಪ್ಪು) ಸತ್ತಿರುತ್ತವೆ. ನನ್ನ ಕೈಯಿಂದಲೇ ಒಂದು ಹೋಗಿದೆ. 1989ರಲ್ಲಿ ಘಾಟ್ಕೋಪರಿನ ಹುಡುಗನೊಬ್ಬ ರಿಪೇರಿಗೆಂದು ತಂದುಕೊಟ್ಟ ಸ್ಪೆಕ್ಟ್ರಂಗೆ ನಾನು ಬೆಂಚಿನ ಮೇಲಿದ್ದ ವಾಕ್‌ಮನ್ ಅಡಾಪ್ಟರ್ ಚುಚ್ಚಿದೆ. ಅವನು ತಂದಿದ್ದ ದೂರು ಬರೀ ಎರಡು ಕೀಲಿ ಒತ್ತುವುದಿಲ್ಲ ಎಂದು. ನಾನು ಹಿಂದಿರುಗಿಸುವಾಗ ಕಂಪ್ಯೂಟರೇ ಇರಲಿಲ್ಲ, ಡಬ್ಬಿ ಇತ್ತು. ಆ ತಿಂಗಳ ಸಂಬಳದಲ್ಲಿ ಅರ್ಧ ಅವನ ಅಪ್ಪನಿಗೆ ಕೊಟ್ಟೆ.

ಹಾಗಾಗಿ ದಾರಿ ಇದು. ಡೊಂಬಿವಲಿಯಿಂದ ದಾದರಿಗೆ ಬಂದು ವೆಸ್ಟರ್ನ್ ಲೈನ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯಿರಿ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಲ್ಯಾಮಿಂಗ್ಟನ್ ರೋಡ್. ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ ಎಂದಿರುತ್ತದೆ, ಬಾಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅಲ್ಲಿ 9 ವೋಲ್ಟ್, 2 ಆಂಪಿಯರಿನ ಒಳ್ಳೆಯ, ಈಗಿನ ಹಗುರ ಮಾದರಿಯ ಎಸ್‌ಎಂಪಿಎಸ್ ಅಡಾಪ್ಟರ್ ತಗೊಳ್ಳಿ. ಆಂಪಿಯರ್ ಹೆಚ್ಚಿದ್ದರೆ ಹೆದರಬೇಡಿ, ಬೇಕಾದಷ್ಟೇ ಎಳೆದುಕೊಳ್ಳುತ್ತದೆ, ಹೆಚ್ಚಾಗಬಾರದ್ದು ವೋಲ್ಟ್. ಅಂಗಡಿಯವನಿಗೆ "ಸೆಂಟರ್ ನೆಗೆಟಿವ್ ಮಾಡಿಕೊಡಿ" ಎನ್ನಿ, ವೈರು ಕತ್ತರಿಸಿ ಅದಲುಬದಲು ಮಾಡಿ ಜೋಡಿಸಿಕೊಡುತ್ತಾನೆ. ಕೆಲವು ನೂರು ರೂಪಾಯಿಯ ಒಂದು ಡಿಜಿಟಲ್ ಮಲ್ಟಿಮೀಟರನ್ನೂ ಕೊಳ್ಳಿ. ಕೆಂಪು ಕಡ್ಡಿಯನ್ನು ಪಿನ್ನಿನ ತೂತಿನೊಳಗೆ, ಕಪ್ಪು ಕಡ್ಡಿಯನ್ನು ಹೊರ ಬಳೆಗೆ ಮುಟ್ಟಿಸಿದಾಗ ಮೀಟರಿನಲ್ಲಿ ಮೈನಸ್ 9 ಎಂದು ಕಾಣಬೇಕು. ಆ ಮೈನಸ್ ಗುರುತನ್ನು ಕಣ್ಣಾರೆ ನೋಡುವ ತನಕ ಪ್ಲಗ್ ಕಂಪ್ಯೂಟರಿನ ಹತ್ತಿರವೂ ಹೋಗಕೂಡದು. ಮುಂದೆ ಎಂದಾದರೂ ಮಾವನ ಅಸಲಿ ಅಡಾಪ್ಟರ್ ಸಿಕ್ಕರೆ, ಏನನ್ನೂ ಜೋಡಿಸದೆ ಅಳೆದಾಗ ಅದು 12, 13 ತೋರಿಸಬಹುದು. ಕೆಟ್ಟಿಲ್ಲ, ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳ ಸ್ವಭಾವವೇ ಅದು, ಹೊರೆ ಬಿದ್ದಾಗ ಇಳಿಯುತ್ತದೆ.

ಸ್ಪೆಕ್ಟ್ರಂಗೆ ಆನ್-ಆಫ್ ಸ್ವಿಚ್ಚೇ ಇಲ್ಲ. ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ 1982ರ ಏಪ್ರಿಲಿನಲ್ಲಿ ಇದನ್ನು ಬಿಟ್ಟಾಗ ಜನಸಾಮಾನ್ಯರ ಜೇಬಿಗೆ ಎಟಕುವ ಬಣ್ಣದ ಕಂಪ್ಯೂಟರ್ ಮಾಡಬೇಕೆಂಬ ಹಟದಲ್ಲಿ ಉಳಿಸಬಹುದಾದ ಪೈಸೆಯನ್ನೆಲ್ಲ ಉಳಿಸಿದ್ದರು. ಸ್ವಿಚ್ಚೂ ಆ ಲೆಕ್ಕದಲ್ಲಿ ಹೋಯಿತು. ಆದ್ದರಿಂದ ಗೋಡೆಯ ಸ್ವಿಚ್ ಆಫ್ ಇರುವಾಗ ಪಿನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಆಮೇಲೆ ಗೋಡೆಯಲ್ಲಿ ಆನ್ ಮಾಡಿ. ಕರೆಂಟ್ ಇರುವಾಗ ಪಿನ್ನು ಚುಚ್ಚಿ ಕಿತ್ತು ಮಾಡಿದರೆ ಕಿಡಿ ಹಾರುತ್ತದೆ. ನಿಮ್ಮದು 1984ರ ಅಕ್ಟೋಬರಿನಲ್ಲಿ ಬಂದ ಪ್ಲಸ್ ಮಾದರಿ. ಒಳಗಿನ ಬೋರ್ಡು ಮೊದಲಿನ 48 ಕೆ (48 ಕಿಲೋಬೈಟ್ ನೆನಪಿನ) ಸ್ಪೆಕ್ಟ್ರಂನದ್ದೇ, ರಬ್ಬರ್ ಕೀಲಿಗಳ ಬದಲು ಗಟ್ಟಿ ಪ್ಲಾಸ್ಟಿಕ್ ಕೀಲಿ, ಎಡ ಪಕ್ಕದಲ್ಲಿ ಒಂದು ರೀಸೆಟ್ ಗುಂಡಿ. ಆಗಲೂ ಸ್ವಿಚ್ ಕೊಡಲಿಲ್ಲ!

ಅಡಾಪ್ಟರ್ ಸರಿಯಾಯಿತೆಂದು ಕೂಡಲೇ ಆನ್ ಮಾಡಬೇಡಿ. ಮೂವತ್ತೆಂಟು ನಲವತ್ತು ಮಳೆಗಾಲ ಕಂಡ ಡಬ್ಬಿ ಅದು, ಅದರಲ್ಲೂ ನಮ್ಮ ಮುಂಬಯಿಯ ಉಪ್ಪುಗಾಳಿಯ ಮಳೆಗಾಲ. ತಳದ ತಿರುಪುಗಳನ್ನು ಬಿಚ್ಚಿ, ಮೇಲಿನ ಅರ್ಧವನ್ನು ನಿಧಾನಕ್ಕೆ ಎತ್ತಿ. ಕೀಬೋರ್ಡಿನಿಂದ ಬೋರ್ಡಿಗೆ ಎರಡು ತೆಳು ಪಟ್ಟಿಗಳು ಇಳಿದಿರುತ್ತವೆ. ವಯಸ್ಸಾದ ಆ ಪಟ್ಟಿಗಳು ಒಣಗಿದ ಬಾಳೆಪಟ್ಟಿಯ ಹಾಗೆ. ಮಡಚಿದರೆ ಮುರಿಯಿತು. ನೇರವಾಗಿ ಮೇಲಕ್ಕೆ ಎಳೆದು ತೆಗೆಯಿರಿ. ಮುರಿದರೂ ಎದೆ ಒಡೆದುಕೊಳ್ಳಬೇಡಿ, ಹೊಸ ಮೆಂಬ್ರೇನುಗಳನ್ನು (ಆ ಪಟ್ಟಿಗಳಿರುವ ಕೀಬೋರ್ಡಿನ ಹಾಳೆ) ಈಗಲೂ ಮಾಡಿ ಮಾರುವವರಿದ್ದಾರೆ. ಐಸಿಗಳ ಕಾಲಲ್ಲಿ, ಸಾಕೆಟ್ಟಿನಲ್ಲಿ ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ನೀರು, ಸೀಮೆಎಣ್ಣೆ, ಪೆಟ್ರೋಲು ಯಾವುದೂ ಬೇಡ. ಸಣ್ಣ ಉರುಟು ಕಂಡೆನ್ಸರುಗಳಲ್ಲಿ ಯಾವುದಾದರೂ ತುದಿ ಉಬ್ಬಿದ್ದರೆ, ಅಂಟು ಒಸರಿದ್ದರೆ, ಅದನ್ನು ಬದಲಿಸದೆ ಮುಂದೆ ಹೋಗುವಂತಿಲ್ಲ.

ಈಗ ನಿಜವಾದ ಪರೀಕ್ಷೆ. ಸ್ಪೆಕ್ಟ್ರಂನ ನೆನಪಿನ ಶಕ್ತಿ ಎರಡು ಪಾಲು: ಕೆಳಗಿನ 16 ಕಿಲೋಬೈಟ್, ಮೇಲಿನ 32 ಕಿಲೋಬೈಟ್. ಕೆಳಗಿನ ಪಾಲಿಗೆ 4116 ಎಂಬ ಎಂಟು ಐಸಿಗಳು ಸಾಲಾಗಿ ಕೂತಿರುತ್ತವೆ. ಆ 4116 ಒಂದು ಶ್ರೀಮಂತರ ಮನೆಯ ಅಳಿಯನಿದ್ದ ಹಾಗೆ, ಒಂದೇ ಪದಾರ್ಥದಲ್ಲಿ ಊಟ ಮಾಡುವುದಿಲ್ಲ. 5 ವೋಲ್ಟ್ ಬೇಕು, 12 ವೋಲ್ಟ್ ಬೇಕು, ಮೇಲಿಂದ ಮೈನಸ್ 5 ವೋಲ್ಟೂ ಬೇಕು. ಹೊರಗಿನಿಂದ ಬರುವ 9 ವೋಲ್ಟಿನಿಂದ ಈ ಮೂರನ್ನೂ ಬೋರ್ಡೇ ತಯಾರಿಸಿಕೊಳ್ಳುತ್ತದೆ: 5 ವೋಲ್ಟ್ 7805 ಎಂಬ, ವೋಲ್ಟ್ ಇಳಿಸಿ ಸ್ಥಿರವಾಗಿಡುವ ರೆಗ್ಯುಲೇಟರಿನಿಂದ, 12 ಮತ್ತು ಮೈನಸ್ 5 ಒಂದು ಸಣ್ಣ ತಂತಿ ಸುರುಳಿ ಮತ್ತು ಟಿಆರ್4 ಎಂಬ ಟ್ರಾನ್ಸಿಸ್ಟರಿನಿಂದ. ಮೈನಸ್ 5 ತಪ್ಪಿ ಉಳಿದ ಎರಡು ಬರುತ್ತಿದ್ದರೆ 4116ಗಳು ಒಂದೊಂದಾಗಿ ಕಾದು ಸಾಯುತ್ತವೆ. ನನ್ನ ಬೆಂಚಿಗೆ ಬಂದ ಸ್ಪೆಕ್ಟ್ರಂಗಳಲ್ಲಿ ಹೆಚ್ಚಿನವುಗಳ ಕತೆ ಇಷ್ಟೇ: ಟಿಆರ್4 ಮೊದಲು, ಅದರ ಹಿಂದೆ ಈ ನೆನಪಿನ ಐಸಿಗಳು, ಅಂದರೆ ರ್‍ಯಾಮ್.

ಅಳೆಯುವುದು ಹೀಗೆ. ಐಸಿಯ ಒಂದು ತುದಿಯಲ್ಲಿ ಉಗುರಿನಿಂದ ಕಚ್ಚಿದಂತೆ ಒಂದು ಗುರುತಿದೆ. ಅದನ್ನು ಮೇಲ್ಗಡೆ ಮಾಡಿ ನೋಡಿದರೆ ಎಡಗಡೆಯ ಮೊದಲ ಕಾಲು 1. ಎಡಸಾಲಿನಲ್ಲಿ ಕೆಳಗಿಳಿಯುತ್ತ ಎಣಿಸಿದರೆ ಕೊನೆಯದು 8, ಅಲ್ಲಿಂದ ಬಲಕ್ಕೆ ದಾಟಿದರೆ 9, ಮತ್ತೆ ಮೇಲೆ ಹತ್ತಿ 16. ಮೀಟರಿನ ಕಪ್ಪು ಕಡ್ಡಿಯನ್ನು ಟಿವಿ ವೈರು ಸಿಕ್ಕಿಸುವ ತಗಡಿನ ಡಬ್ಬಿಗೆ ಹಿಡಿಯಿರಿ, ಅದು ಅರ್ತ್. ಕೆಂಪು ಕಡ್ಡಿ 1ನೇ ಕಾಲಿಗೆ ಮುಟ್ಟಿದಾಗ ಮೈನಸ್ 5, 8ಕ್ಕೆ 12, 9ಕ್ಕೆ 5 ಬರಬೇಕು, ತುಸು ಆಚೀಚೆ ಆದರೆ ಚಿಂತೆಯಿಲ್ಲ. ಕಡ್ಡಿಯ ತುದಿ ಅಕ್ಕಿಕಾಳಿನಷ್ಟು ಮಾತ್ರ ಹೊರಗಿರುವಂತೆ ಉಳಿದದ್ದಕ್ಕೆ ಇನ್ಸುಲೇಶನ್ ಟೇಪ್ ಸುತ್ತಿಕೊಳ್ಳಿ. ಕೈ ಜಾರಿ ಪಕ್ಕದ ಕಾಲಿಗೂ ತಗುಲಿದರೆ ಪರೀಕ್ಷೆಯೇ ಕೊಲೆಯಾಗುತ್ತದೆ. ಮೂರರಲ್ಲಿ ಒಂದು ತಪ್ಪಿದ್ದರೂ ತಕ್ಷಣ ಆಫ್ ಮಾಡಿ, ಸೋಲ್ಡರಿಂಗ್ ಗೊತ್ತಿರುವ ಹಳೇ ಟಿವಿ ಮೆಕ್ಯಾನಿಕ್ ಯಾರಾದರೂ ಇದ್ದರೆ ಅವರ ಕೈಗೆ ಕೊಡಿ. ಮೊಬೈಲ್ ರಿಪೇರಿಯವರು ಬೇಡ. ಕೆಲಸ ಬಾರದವರೆಂದಲ್ಲ, ಬಿಸಿಗಾಳಿ ಊದಿ ಐಸಿ ಎಬ್ಬಿಸುವ ಅವರ ಪದ್ಧತಿಗೆ ಈ ಹಳೇ ಬೋರ್ಡಿನ ತಾಮ್ರದ ಗೆರೆಗಳು ಸಿಪ್ಪೆಯ ಹಾಗೆ ಎದ್ದು ಬರುತ್ತವೆ.

7805ಕ್ಕೆ ಹಚ್ಚಿರುವ ಅಲ್ಯೂಮಿನಿಯಂ ತಗಡು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಅದು ರೋಗವಲ್ಲ. 4116ಗಳ ಪೈಕಿ ಒಂದು ಮಾತ್ರ ನೆರೆಯವರಿಗಿಂತ ಬಿಸಿಯಾದರೆ ರೋಗ.

ವೋಲ್ಟೇಜ್ ಸರಿಯಿದೆ ಎಂದಾದರೆ ಟಿವಿಗೆ ಬನ್ನಿ. ಸ್ಪೆಕ್ಟ್ರಂನ ಚಿತ್ರ ಹೊರಬರುವುದು ಆಂಟೆನಾ ಸಿಗ್ನಲ್ಲಿನ ರೂಪದಲ್ಲಿ, ಯುಎಚ್‌ಎಫ್ ಚಾನೆಲ್ 36ರಲ್ಲಿ. ಆಗಿನ ಕಾಲಕ್ಕೆ ನಮ್ಮಲ್ಲಿ ಎಷ್ಟೋ ಮನೆಗಳ ಟಿವಿಗೆ ಯುಎಚ್‌ಎಫ್ಫೇ ಇರಲಿಲ್ಲ, ದೂರದರ್ಶನಕ್ಕೆ ವಿಎಚ್‌ಎಫ್ ಸಾಕಿತ್ತು. ಗಲ್ಫಿನಿಂದ ಆಸೆಪಟ್ಟು ತಂದ ಕಂಪ್ಯೂಟರ್ ಎಷ್ಟೋ ಕಡೆ ಮೊದಲ ದಿನವೇ ಮಾಳಾ ಹತ್ತಿದ್ದಕ್ಕೆ ಇದೂ ಒಂದು ಕಾರಣ. ಈಗಿನ ಎಲ್‌ಸಿಡಿ ಟಿವಿಯಲ್ಲಿ ಅನಲಾಗ್ ಟ್ಯೂನರ್ ಇದ್ದರೆ ಚಾನೆಲ್ ಹುಡುಕು ಎಂದು ಬಿಡಿ, ಸಿಗುತ್ತದೆ. ಆದರೆ ಚಿತ್ರ ಮಸುಕು. ಅದಕ್ಕಿಂತ ಆ ತಗಡಿನ ಡಬ್ಬಿಯೊಳಗೆ ಎರಡು ವೈರು ಬದಲಿಸಿ ಕಾಂಪೊಸಿಟ್ ವಿಡಿಯೋ ಮಾಡಿಸಿಕೊಂಡರೆ ಡಿವಿಡಿ ಪ್ಲೇಯರಿನ ಹಳದಿ ಕೇಬಲ್ಲಿನಲ್ಲೇ ಚಿತ್ರ ಬರುತ್ತದೆ. ಹತ್ತು ನಿಮಿಷದ ಕೆಲಸ, ಬೇಕೆಂದಾಗ ಮೊದಲಿನಂತೆ ಮಾಡಲೂಬಹುದು.

ಆನ್ ಮಾಡಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಅದರ ಮೇಲೆ ಕೂದಲೆಳೆಯಂಥ ಕೆಂಪು ಗೆರೆಗಳು ಮೂಡಿ ಮಾಯವಾಗಿ, ಬಿಳಿಯಾಗಿ, ಕೆಳಗೆ ಸಿಂಕ್ಲೇರ್ ರಿಸರ್ಚಿನ 1982ರ ಕಾಪಿರೈಟ್ ಸಾಲು ಬಂದರೆ ಗೆದ್ದಿರಿ. ಆ ಕೆಂಪು ಗೆರೆ ಏನೆಂದರೆ, ಕಂಪ್ಯೂಟರ್ ತನ್ನ ನೆನಪಿನ ಪ್ರತಿ ಮನೆಗೂ 2 ಎಂಬ ಅಂಕಿ ತುಂಬಿ ಹಿಂದಕ್ಕೆ ಓದಿ ಪರೀಕ್ಷಿಸುತ್ತಿರುತ್ತದೆ. ಪರದೆಯೂ ಆ ನೆನಪಿನದ್ದೇ ಭಾಗವಾದ್ದರಿಂದ ಪರೀಕ್ಷೆ ನಮ್ಮ ಕಣ್ಣಿಗೂ ಬೀಳುತ್ತದೆ. ಗೆರೆಯೋ ಚೌಕವೋ ಪರದೆಯಲ್ಲೇ ಉಳಿದುಬಿಟ್ಟರೆ ಕೆಳಗಿನ ರ್‍ಯಾಮಿನಲ್ಲಿ ದೋಷ. ಕಾಪಿರೈಟ್ ಸಾಲು ಬಂದ ಮೇಲೂ ಒಂದು ಪ್ರಶ್ನೆ ಕೇಳಬೇಕು: ಪ್ರಿಂಟ್, ಪೀಕ್ 23732, ಪ್ಲಸ್ 256 ಗುಣಿಸು ಪೀಕ್ 23733 (ಪೀಕ್ ಎಂದರೆ ಆ ಮನೆಯಲ್ಲಿರುವ ಅಂಕಿಯನ್ನು ಓದುವ ಆಜ್ಞೆ). ಉತ್ತರ 65535 ಬಂದರೆ 48 ಕೆ ಪೂರ್ತಿ ಜೀವಂತ. 32767 ಬಂದರೆ ಮೇಲಿನ 32 ಕೆ ಮಲಗಿದೆ, ಆದರೂ 16 ಕೆ ಕಂಪ್ಯೂಟರಾಗಿ ನಡೆಯುತ್ತದೆ. ಆ ಮೇಲಿನ ಐಸಿಗಳದ್ದೂ ಒಂದು ಕತೆ. 64 ಕಿಲೋಬಿಟ್ಟಿನ ಐಸಿಗಳಲ್ಲಿ ಅರ್ಧ ಭಾಗ ಕೆಟ್ಟು ಪರೀಕ್ಷೆಯಲ್ಲಿ ಫೇಲಾದವನ್ನು ಅಗ್ಗಕ್ಕೆ ಕೊಂಡು ಒಳ್ಳೆಯ ಅರ್ಧವನ್ನಷ್ಟೇ ಬಳಸಿದ್ದಾರೆ. ತರಕಾರಿ ಮಾರ್ಕೆಟ್ಟಿನಲ್ಲಿ ಸಂಜೆ ಹೊತ್ತಿಗೆ ಹೋಗುವ ನಮ್ಮಂಥವರಿಗೆ ಈ ಬುದ್ಧಿ ಕೂಡಲೇ ಅರ್ಥವಾಗುತ್ತದೆ.

ಇನ್ನು ಮಗಳ ವಿಷಯ. ಪ್ರೋಗ್ರಾಮಿಂಗನ್ನು ಮುಂದೆ ಕೆಲಸಕ್ಕಾಗಿ ಕಲಿಯುವುದಿದ್ದರೆ ಪೈಥಾನ್ ಕಲಿಸಿ, ಸ್ಪೆಕ್ಟ್ರಂನ ಬೇಸಿಕ್ ಭಾಷೆ ಬೇಡ. ಪರೀಕ್ಷೆಯ ಮಾರ್ಕಿಗೂ ಇದು ಬಾರದು. ಆದರೆ ಪರದೆಯ ಮೇಲೆ ಕಾಣುವ ಅಕ್ಷರ ಒಳಗೆ ಎಲ್ಲಿ, ಯಾವ ರೂಪದಲ್ಲಿ ಕೂತಿದೆ ಎಂದು ಬೆರಳಿಟ್ಟು ತೋರಿಸಲು ಇದರಷ್ಟು ಒಳ್ಳೆಯ ಯಂತ್ರ ನನಗೆ ಗೊತ್ತಿಲ್ಲ. ನಾನು ಮಕ್ಕಳಿಗೆ ಮೊದಲು ಮಾಡಿಸುವುದು ಕನ್ನಡ ಅಕ್ಷರ.

ಸ್ಪೆಕ್ಟ್ರಂನಲ್ಲಿ ಪ್ರತಿ ಅಕ್ಷರವೂ ಎಂಟು ಚುಕ್ಕಿ ಎಂಟು ಸಾಲಿನ ರಂಗೋಲಿ. ಅದರಲ್ಲಿ 21 ರಂಗೋಲಿಗಳನ್ನು ನಮಗೆ ಬೇಕಾದಂತೆ ಬರೆದುಕೊಳ್ಳಲು ಬಿಟ್ಟಿದ್ದಾರೆ. 48 ಕೆ ಯಂತ್ರದಲ್ಲಿ ಮೊದಲನೆಯದು 65368ನೇ ಮನೆಯಿಂದ ಶುರು. ಮಗಳಿಗೆ ಚೌಕುಳಿ ಪುಸ್ತಕದಲ್ಲಿ ಎಂಟಕ್ಕೆಂಟು ಚೌಕ ಹಾಕಿ "ರ" ಬರೆಯಲು ಹೇಳಿ. ಕಂಬಗಳ ತಲೆಯ ಮೇಲೆ ಎಡದಿಂದ 128, 64, 32, 16, 8, 4, 2, 1 ಎಂದು ಬರೆಯಲಿ. ತಲೆಕಟ್ಟಿನ ಬಲತುದಿಯ ಕೊಂಕು ಮೊದಲ ಸಾಲಿನಲ್ಲಿ ಒಂದೇ ಚುಕ್ಕಿ, 2ರ ಕಂಬದಲ್ಲಿ: ಆ ಸಾಲಿನ ಬೆಲೆ 2. ಎರಡನೇ ಸಾಲು ತಲೆಕಟ್ಟಿನ ಅಡ್ಡಗೆರೆ, 64ರಿಂದ 4ರ ತನಕ ಐದು ಚುಕ್ಕಿ, ಕೂಡಿದರೆ 124. ಮೂರನೇ ಸಾಲು ಬಟ್ಟಲಿನ ನೆತ್ತಿ, 60. ಮುಂದಿನ ಮೂರು ಸಾಲು ಬಟ್ಟಲಿನ ಎರಡು ಬದಿ, 64 ಮತ್ತು 2, ಅಂದರೆ 66, 66, 66. ಏಳನೆಯದು ತಳ, ಮತ್ತೆ 60. ಎಂಟನೆಯದು ಖಾಲಿ, 0. ಈ ಎಂಟು ಅಂಕಿಗಳನ್ನು ಪೋಕ್ ಎಂಬ ಆಜ್ಞೆಯಿಂದ 65368ರಿಂದ 65375ರ ತನಕ ಒಂದೊಂದು ಮನೆಗೆ ಒಂದೊಂದು ಹಾಕಲಿ. ಆಮೇಲೆ ಪ್ರಿಂಟ್ ಕೊಟ್ಟು, ಉದ್ಧರಣ ಚಿಹ್ನೆಯೊಳಗೆ ಗ್ರಾಫ್ ಕೀಲಿ ಒತ್ತಿ, ಇಂಗ್ಲಿಷಿನ ಎ ಒತ್ತಿದರೆ ಬೀಳುವುದು ಎ ಅಲ್ಲ, ರ.

ಇಲ್ಲಿಗೆ ನಿಲ್ಲಿಸಬೇಡಿ. 65372ನೇ ಮನೆಯಲ್ಲಿರುವ 66ನ್ನು ತೆಗೆದು 90 ಹಾಕಲು ಹೇಳಿ. 90 ಅಂದರೆ 64, 16, 8, 2. ಬಟ್ಟಲಿನ ನಡುವೆ ಎರಡು ಚುಕ್ಕಿ ಬಂತು. ಮತ್ತೆ ಪ್ರಿಂಟ್ ಮಾಡಿದರೆ ಠ! ಆಗ ಮಗಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾಳೆ: ಮೊದಲು ಬಿದ್ದಿದ್ದ ರ ಯಾಕೆ ಹಾಗೆಯೇ ಇದೆ, ಅದೂ ಯಾಕೆ ಠ ಆಗಲಿಲ್ಲ? ಯಾಕೆಂದರೆ ಪ್ರಿಂಟ್ ಮಾಡುವುದೆಂದರೆ ಅಚ್ಚಿನಿಂದ ಪರದೆಯ ನೆನಪಿಗೆ ಒಂದು ಪ್ರತಿ ಒತ್ತುವುದು. ಅಚ್ಚು ತಿದ್ದಿದರೆ ಈಗಾಗಲೇ ಒತ್ತಿದ ಪ್ರತಿ ತಿದ್ದುವುದಿಲ್ಲ. ಆ ಪರದೆಯ ನೆನಪು 16384ನೇ ಮನೆಯಿಂದ ಶುರುವಾಗಿ ಬಣ್ಣವೂ ಸೇರಿ 6912 ಬೈಟ್ ಉದ್ದ. ಅಲ್ಲಿಗೇ ನೇರವಾಗಿ ಪೋಕ್ ಮಾಡಿ ನೋಡಲಿ, ಎಲ್ಲಿ ಏನು ಬೀಳುತ್ತದೆಂದು ಹುಡುಕಲಿ. ಸಾಲುಗಳು ಒಂದರ ಕೆಳಗೊಂದು ಬರುವುದಿಲ್ಲ, ಹಾರಿ ಹಾರಿ ಬೀಳುತ್ತವೆ. ಅದರ ಕ್ರಮವನ್ನು ನೀವು ಹೇಳಿಕೊಡಬೇಡಿ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಗಲಿ.

ಒತ್ತಕ್ಷರ ಬಂದಾಗ ಪಜೀತಿ ಶುರು. "ಕ್ಕ" ಎಂಟು ಸಾಲಿನಲ್ಲಿ ಹಿಡಿಸುವುದಿಲ್ಲ, ಕೆಳಗಿನ ಮನೆಗೆ ಇನ್ನೊಂದು ರಂಗೋಲಿ ಬೇಕು. 21ರಲ್ಲಿ ಕಾಗುಣಿತವೆಲ್ಲ ಎಲ್ಲಿ ಸಾಕು? ಆ ಹಂತಕ್ಕೆ ಬಂದ ಮೇಲೆ 23606ನೇ ಮನೆಯ ಗುಟ್ಟು ಹೇಳಿ. ಇಡೀ ಅಕ್ಷರಮಾಲೆಯ ಅಚ್ಚು ಎಲ್ಲಿದೆ ಎಂಬ ವಿಳಾಸ, ಅದರಲ್ಲಿ 256 ಕಳೆದು, ಅಲ್ಲೂ ಅದರ ಮುಂದಿನ ಮನೆಯಲ್ಲೂ ಇರುತ್ತದೆ, ಅದನ್ನು ಬದಲಿಸಿದರೆ 96 ಅಕ್ಷರಗಳನ್ನೂ ನಮ್ಮವೇ ಮಾಡಿಕೊಳ್ಳಬಹುದು. ಯಂತ್ರ ರಿಪೇರಿಯಾಗುವ ತನಕ ಮಗಳು ಕಾಯಬೇಕಿಲ್ಲ. ಫ್ಯೂಸ್ ಎಂಬ ಉಚಿತ ಎಮ್ಯುಲೇಟರ್ (ಸ್ಪೆಕ್ಟ್ರಂನಂತೆಯೇ ನಡೆದುಕೊಳ್ಳುವ ಸಾಫ್ಟ್‌ವೇರ್) ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಮೇಲಿನ ಅಂಕಿಗಳೆಲ್ಲ ಅಲ್ಲೂ ಅವೇ.

ಕೂಡಿಸುವ ಆಸೆಗೆ ಬರೋಣ. ಇದರಲ್ಲಿ ನಾನು ನಿಮಗೆ ಹಿತವಾದ ಮಾತು ಹೇಳಲಾರೆ. ನನ್ನ ಮನೆಯಲ್ಲೂ ಒಂದು ಕಾಲಕ್ಕೆ ಹನ್ನೊಂದು ಇದ್ದವು. ಒಂದೂವರೆ ಕೋಣೆಯ ಮುಂಬಯಿ ಮನೆಯಲ್ಲಿ ಹನ್ನೊಂದು ಕಂಪ್ಯೂಟರ್ ಎಂದರೆ ಹನ್ನೊಂದು ಡಬ್ಬಿ. ಪ್ರತಿ ಮಳೆಗಾಲ ಮುಗಿದ ಮೇಲೆ ಅವನ್ನು ಇಳಿಸಿ, ಬೂಷ್ಟು ಒರೆಸಿ, ಮತ್ತೆ ಏರಿಸುವುದೇ ಹವ್ಯಾಸವಾಗಿತ್ತು, ಆನ್ ಮಾಡಿದ ನೆನಪಿಲ್ಲ. ಈಗ ಎರಡಿವೆ, ಎರಡೂ ಮೇಜಿನ ಮೇಲಿವೆ. ನಿಮಗೂ ಒಂದನ್ನು ತಿರುಪು ತಿರುಪು ಬಲ್ಲವರಾದ ಮೇಲೆ ಎರಡನೆಯದನ್ನು ಹುಡುಕಿ ಎಂದೇ ಹೇಳುತ್ತೇನೆ.

ಹುಡುಕುವುದಿದ್ದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಅದರಲ್ಲೂ ಶುಕ್ರವಾರ ಬೆಳಗಿನ ಜಾವದ ಜುಮ್ಮಾ ಬಜಾರ್. ಪುಣೆಗೆ ಹೋಗಿಬರುವವರಾದರೆ ಬುಧವಾರ, ಭಾನುವಾರ ನೆರೆಯುವ ಜುನಾ ಬಜಾರ್. ಹೋದ ದಿನವೇ ಸಿಗುವ ವಸ್ತುವಲ್ಲ ಇದು. ಅದಕ್ಕಿಂತ ನೆಂಟರಿಷ್ಟರ ಮಾಳಾಗಳೇ ಒಳ್ಳೆಯ ಬಜಾರು. ಗಲ್ಫಿನಲ್ಲಿದ್ದು ಬಂದ ನಮ್ಮ ಕರಾವಳಿಯವರ ಮನೆ ಎಷ್ಟಿಲ್ಲ? ಸಂಘದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತು "ನಿಮ್ಮಲ್ಲಿ ಹಳೇ ಕಂಪ್ಯೂಟರ್ ಉಂಟಾ" ಎಂದು ಕೇಳಿಯೇ ನನಗೆ ನಾಲ್ಕು ಸಿಕ್ಕಿವೆ. ಮೊದಲೇ ಕೇಳಬೇಕು. ಭಂಗಾರದವನ (ಗುಜರಿಯವನ) ಗಾಡಿ ಹತ್ತಿದ ಮೇಲೆ ತಾಮ್ರದ ತೂಕ ಮಾತ್ರ.

ಏನೇನು ಕಾಣಸಿಗಬಹುದು ಎಂದರೆ, ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಲೈಸೆನ್ಸ್ ಪಡೆದು ಇಲ್ಲೇ ಮಾರಿದ ಡಿಬಿ ಸ್ಪೆಕ್ಟ್ರಂ ಪ್ಲಸ್. ಸಿಕ್ಕರೆ ಬಿಡಬೇಡಿ, ನಿಮ್ಮ ಯಂತ್ರದ ತಮ್ಮ ಅದು. 1984ರಲ್ಲಿ ಶುರುವಾದ ಸರಕಾರದ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ: ಗಟ್ಟಿ ಯಂತ್ರ, ಕೀಬೋರ್ಡು ಈಗಿನವನ್ನೂ ನಾಚಿಸುತ್ತದೆ. ಆದರೆ ಪವರ್ ಸಪ್ಲೈಯೊಳಗಿನ ಪಾರದರ್ಶಕ ಹಳದಿ ಕಂಡೆನ್ಸರ್ ಆನ್ ಮಾಡಿದ ಹತ್ತು ನಿಮಿಷಕ್ಕೆ ಪಟ್ಟೆಂದು ಒಡೆದು ಮನೆಯೆಲ್ಲ ಕಮಟು ಹೊಗೆ ತುಂಬಿಸುವುದು ಅದರ ಪ್ರಸಿದ್ಧ ಗುಣ, ಮೊದಲೇ ತೆಗೆಸಿ ಹೊಸದು ಹಾಕಿಸಿ. ಕೊಮೊಡೋರ್ 64 ಸಿಕ್ಕರೆ ಅದರ ಇಟ್ಟಿಗೆಯಂಥ ಪವರ್ ಸಪ್ಲೈಯನ್ನು ನಂಬಬೇಡಿ. ವಯಸ್ಸಾದ ಮೇಲೆ 5 ವೋಲ್ಟಿನ ಜಾಗದಲ್ಲಿ ಅದು ಆರೋ ಏಳೋ ಕೊಟ್ಟು ರ್‍ಯಾಮ್ ಸುಡುತ್ತದೆ. ಅಮೆರಿಕದಿಂದ ಬಂದದ್ದಾದರೆ 110 ವೋಲ್ಟಿನದ್ದು, ನಮ್ಮ ಗೋಡೆಗೆ ಹಾಕಿದರೆ ಅಷ್ಟೇ. ಇಂಗ್ಲೆಂಡಿನಿಂದ ಬಂದ 64 ಆಂಟೆನಾ ದಾರಿಯಲ್ಲಿ ಚಿತ್ರ ಸರಿಯಾಗಿ ತೋರಿಸಿ ಮೂಗನ ಹಾಗೆ ಕೂತರೆ ಕೆಟ್ಟಿದೆಯೆಂದು ಬಗೆಯಬೇಡಿ: ಅಲ್ಲಿನ ಟಿವಿಯಲ್ಲಿ ಧ್ವನಿ ಚಿತ್ರಕ್ಕಿಂತ 6 ಮೆಗಾಹರ್ಟ್ಸ್ ದೂರ, ನಮ್ಮಲ್ಲಿ 5.5. ಸ್ಪೆಕ್ಟ್ರಂಗೆ ಈ ತಾಪತ್ರಯವಿಲ್ಲ, ಅದು ಟಿವಿಯನ್ನು ಕೇಳದೆ ತನ್ನ ಹೊಟ್ಟೆಯೊಳಗಿನ ಸ್ಪೀಕರಿನಿಂದಲೇ ಕುಂಯ್‌ಗುಟ್ಟುತ್ತದೆ.

ಬಜಾರಿನಲ್ಲಿ ಅತಿ ಹೆಚ್ಚು ಸಿಗುವುದು ಮಾತ್ರ ಇವು ಯಾವುದೂ ಅಲ್ಲ. ಕೀಬೋರ್ಡಿನ ಆಕಾರ, ಮೇಲೆ "ಕಂಪ್ಯೂಟರ್" ಎಂಬ ಹೆಸರು, ನೆತ್ತಿಯಲ್ಲಿ ಕಾರ್ಟ್ರಿಜ್ ಹಾಕುವ ಸೀಳು, ಜೊತೆಗೆ ಲಕ್ಷಗಟ್ಟಲೆ ಆಟ ಇದೆಯೆಂದು ಬರೆದ ಹಳದಿ ಕಾರ್ಟ್ರಿಜ್. ತೊಂಬತ್ತರ ದಶಕದ ಟಿವಿ ವಿಡಿಯೋ ಗೇಮ್ ಅದು, ಕಂಪ್ಯೂಟರಿನ ವೇಷ ಹಾಕಿದೆ. ಮಕ್ಕಳ ಆಟಕ್ಕೆ ಒಳ್ಳೆಯದೇ, ಆದರೆ ಆ ಬೆಲೆಗೆ ಮಾತ್ರ ಕೊಳ್ಳಿ. ಬೆನ್ನಲ್ಲಿ ಟೇಪ್ ರೆಕಾರ್ಡರಿಗೆ ಜಾಗ ಉಂಟೋ ನೋಡುವುದು ನನ್ನ ಮೊದಲ ಪರೀಕ್ಷೆ.

ಕೊನೆಗೆ ಕ್ಯಾಸೆಟ್. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ರುಚಿಸಿದ್ದು ಇದೇ. ಅದು ಹಾಳಾಗಿಲ್ಲ, ಆ ಕೀರಲೇ ಪ್ರೋಗ್ರಾಂ. ಸ್ಪೆಕ್ಟ್ರಂಗೆ ಡಿಸ್ಕ್ ಇರಲಿಲ್ಲ. ನೆನಪಿನಲ್ಲಿದ್ದದ್ದನ್ನು ಸದ್ದಾಗಿ ಮಾರ್ಪಡಿಸಿ ಸಾಧಾರಣ ಟೇಪಿಗೆ ಹಾಡುತ್ತಿತ್ತು, ಹಿಂದಕ್ಕೆ ಕೇಳಿ ನೆನಪಿಸಿಕೊಳ್ಳುತ್ತಿತ್ತು. ಖಾಲಿ ಕ್ಯಾಸೆಟ್ ಕೈಗೆ ಸಿಗದ ಹೊತ್ತಿಗೆ ನಿಮ್ಮ ಮಾವ ಪದ್ಯ ಮುಗಿದ ಜಾಗ ನೋಡಿ ಒತ್ತಿದ್ದಾರೆ. ಆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಬಿಟ್, ಅಂದರೆ ನೂರೆಂಬತ್ತು ಬೈಟಿನ ಆಸುಪಾಸು. ಅಂಗಡಿಯಲ್ಲಿ ಮಾರುತ್ತಿದ್ದ 48 ಕೆ ಆಟಗಳು ಲೋಡ್ ಆಗಲು ನಾಲ್ಕೈದು ನಿಮಿಷ ಹಿಡಿಯುತ್ತಿದ್ದವು. ನಿಮ್ಮದು ಅರ್ಧ ನಿಮಿಷ. ಅದರಲ್ಲಿ ಏಳೆಂಟು ಸೆಕೆಂಡು ಬರೀ ಪೀಠಿಕೆಯ ಶ್ರುತಿಗೆ ಕಳೆದರೆ ಉಳಿಯುವುದು ನಾಲ್ಕು ಕಿಲೋಬೈಟ್. ಕೊಂಡು ತಂದ ಆಟದ ಅಳತೆಯಲ್ಲ ಅದು, ಕೂತು ಟೈಪ್ ಮಾಡಿದ ಪ್ರೋಗ್ರಾಮಿನ ಅಳತೆ. ನನ್ನ ಊಹೆ, ನಿಮ್ಮ ಮಾವ ಅದನ್ನು ಸ್ವತಃ ಬರೆದಿದ್ದಾರೆ.

ಹಾಗಾಗಿ ಆ ಕ್ಯಾಸೆಟ್ಟನ್ನು ಇನ್ನು ಸುಮ್ಮಸುಮ್ಮನೆ ಓಡಿಸಬೇಡಿ. ಕಿಟಕಿಯಿಂದ ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ತೆಗೆಸುವವರೆಗೆ ರೆಕಾರ್ಡರಿಗೆ ಹಾಕಲೇಬಾರದು, ಹೆಡ್ಡಿಗೆ ಅಂಟಿ ಟೇಪ್ ಹರಿಯುತ್ತದೆ. ಪ್ಲೇಯರಿನ ಬೆಲ್ಟ್ ಕರಗಿ ಡಾಂಬರಿನಂತಾಗಿಲ್ಲ ತಾನೇ ಎಂದೂ ನೋಡಿಕೊಳ್ಳಿ. ಆಮೇಲೆ ಒಂದೇ ಸಲ, ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರು ಕೊಟ್ಟು ಪೂರ್ತಿ ಕ್ಯಾಸೆಟ್ಟನ್ನು ರೆಕಾರ್ಡ್ ಮಾಡಿ: ಮೋನೋ, 44.1 ಕಿಲೋಹರ್ಟ್ಸ್, ವೇವ್ ಫೈಲು. ಎಂಪಿ3 ಬೇಡ, ಕಿವಿಗೆ ಗೊತ್ತಾಗದಂತೆ ಅದು ಕತ್ತರಿಸುವುದು ಸ್ಪೆಕ್ಟ್ರಂಗೆ ಗೊತ್ತಾಗುತ್ತದೆ.

ಲೋಡ್ ಮಾಡಲು ಜೆ ಕೀಲಿ ಒತ್ತಿ, ಲೋಡ್ ಎಂದು ಪೂರ್ತಿ ಪದವೇ ಬೀಳುತ್ತದೆ. ಮುಂದೆ ಉದ್ಧರಣ ಚಿಹ್ನೆಯ ಕೀಲಿ ಎರಡು ಸಲ, ಎಂಟರ್. ಕಂಪ್ಯೂಟರಿನ ಇಯರ್ ಎಂಬ ತೂತಿಗೆ ವೈರು ಸಿಕ್ಕಿಸಿ ಆ ಫೈಲನ್ನು ಜೋರಾದ ವಾಲ್ಯೂಮಿನಲ್ಲಿ ನುಡಿಸಿ, ಈಕ್ವಲೈಜರ್ ಎಲ್ಲ ಆಫ್ ಇರಲಿ. ಪದ್ಯ ನಡೆಯುವಷ್ಟು ಹೊತ್ತು ಪರದೆಯ ಅಂಚು ಏನೇನೋ ಮಿಣುಕುತ್ತದೆ, ಭಾಗವತರನ್ನೂ ಅದು ಪ್ರೋಗ್ರಾಂ ಎಂದೇ ಕೇಳಿಸಿಕೊಳ್ಳುತ್ತದೆ. ಕೀರಲಿನ ಮೊದಲ ಶ್ರುತಿ ಬಂದಾಗ ಅಂಚಿನಲ್ಲಿ ಕೆಂಪು, ತಿಳಿನೀಲಿಯ ಅಗಲ ಪಟ್ಟಿಗಳು ಉರುಳಬೇಕು. ಅದು ಐದು ಸೆಕೆಂಡು. ಬಂದ ಮೇಲೆ ಎಲ್ಲೋ ತಪ್ಪಿ ಟೇಪ್ ಲೋಡಿಂಗ್ ಎರರ್ ಎಂದರೆ ವಾಲ್ಯೂಮ್ ತುಸು ಇಳಿಸಿಯೋ ಏರಿಸಿಯೋ ಮತ್ತೆ ನೋಡಿ. ಅದಕ್ಕೂ ಬಗ್ಗದಿದ್ದರೆ ರೆಕಾರ್ಡರಿನ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಕೀರಲು ಅತಿ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ, ಇನ್ನೊಮ್ಮೆ ರೆಕಾರ್ಡ್ ಮಾಡಿ. ಪಟ್ಟಿಗಳು ಮುಗಿದ ಕೂಡಲೇ ಒಂದು ಚಿಟಿಕೆ ಸದ್ದು, ಆಗ ಪರದೆಯ ಮೇಲೆ ಪ್ರೋಗ್ರಾಮಿನ ಹೆಸರು ಬೀಳುತ್ತದೆ. ಆಮೇಲೆ ನೀಲಿ ಹಳದಿ ಸಣ್ಣ ಗೆರೆಗಳಲ್ಲಿ ಉಳಿದದ್ದು ಬರುತ್ತದೆ.

ಆ ಹೆಸರಿಗೆ ಹತ್ತು ಅಕ್ಷರದ ಮಿತಿ. ನಿಮ್ಮ ಮಾವ ಏನೆಂದು ಇಟ್ಟಿದ್ದರೋ ಬರೆದು ತಿಳಿಸಿ.